ಗೋರಿಕಲ್ಲಿನ ಮೇಲೆ ಫಿರಂಗಿ

ಚೆನ್ನೈಯ ಸೇಂಟ್ ಜಾರ್ಜ್ ಕೋಟೆಗೆ ಹೋದರೆ, ಒಳಗಿರೋ ಸೇಂಟ್ ಮೇರಿ ಚರ್ಚಿನ ಚಾವಣಿಯನ್ನು ತಲೆಯೆತ್ತಿ ನೋಡಿ. 1680ರ ಕಟ್ಟಡ. ಗೋಡೆ ನಾಲ್ಕು ಅಡಿ ದಪ್ಪ. ಮೇಲೆ ಮರದ ತೊಲೆಯಿಲ್ಲ, ಗುಂಡು ಬಿದ್ದರೂ ಕುಸಿಯಬಾರದು ಅಂತ ಕಮಾನು. ಪ್ರಾರ್ಥನೆಯ ಮನೆಗೂ ಫಿರಂಗಿಯದ್ದೇ ಲೆಕ್ಕ! ಕ್ಲೈವ್ ಮದುವೆಯಾದದ್ದು ಇಲ್ಲೇ, 1753ರಲ್ಲಿ. ಅದಿರಲಿ.

ಈಗ ಅಂಗಳದ ನೆಲ ನೋಡಿ: ಹಾಸಿರೋದೆಲ್ಲ ಗೋರಿಕಲ್ಲು. ಇಂಗ್ಲಿಷರ ಸ್ಮಶಾನ ಕೋಟೆಯ ಹೊರಗಿತ್ತು. 1758-59ರ ಮುತ್ತಿಗೆಯಲ್ಲಿ ಲ್ಯಾಲಿಯ ಫ್ರೆಂಚ್ ಪಡೆ ಆ ಗೋರಿಗಳನ್ನೇ ಮರೆ ಮಾಡಿಕೊಂಡಿತು. ಆಮೇಲೆ ಗೋರಿ ಕೆಡವಿ, ಕಲ್ಲುಗಳನ್ನು ಇಲ್ಲಿಗೆ ತಂದರು. 1769ರಲ್ಲಿ ನಮ್ಮ ಹೈದರಾಲಿ ಮದ್ರಾಸಿನ ಬಾಗಿಲಿಗೇ ಬಂದು ಒಪ್ಪಂದ ಬರೆಸಿಕೊಂಡ. ಮತ್ತೆ ಯುದ್ಧ ಹತ್ತಿದಾಗ, 1782ರಲ್ಲಿ, ಅವನ ಭಯಕ್ಕೆ ಕೆಲವು ಕಲ್ಲು ಕಿತ್ತು ಫಿರಂಗಿ ಕೂರಿಸಿದರು. ಕಲ್ಲಿನಲ್ಲಿ ಹೆಸರಿದೆ, ಕೆಳಗೆ ಆ ಮನುಷ್ಯನಿಲ್ಲ.