ಪೊರೆಯ ಚಿಕಿತ್ಸೆಯೂ ಅಂಜಿಕೆಯ ಉಪಶಮನವೂ

ಕಾರವಾರದ ಕಡಲದಂಡೆಯಲ್ಲಾಗಲಿ ಅಂಕೋಲೆಯ ಗದ್ದೆಬಯಲಿನಲ್ಲಾಗಲಿ, ಕಣ್ಣಿಗೆ ಪೊರೆ ಬಂದ ಹಿರಿಯರೊಡನೆ ಶಸ್ತ್ರಚಿಕಿತ್ಸೆಯ ಮಾತೆತ್ತಿ ನೋಡಿರಿ. “ಎಚ್ಚರವಿದ್ದಾಗಲೇ ಕಣ್ಣಿಗೆ ಶಸ್ತ್ರ ತಾಗಿಸುವರಂತೆ!” ಎಂದು ಹಿಂಜರಿಯುವವರು ಕೆಲವರಾದರೂ ಸಿಕ್ಕಾರು. ಈ ಅಂಜಿಕೆ ಹೊಸದಲ್ಲ. ಅದನ್ನು ಕಳೆಯುವ ಯತ್ನಕ್ಕೂ ದೀರ್ಘವಾದ ಇತಿಹಾಸವುಂಟು.

ಸುಶ್ರುತಸಂಹಿತೆಯಲ್ಲಿ ಈ ರೋಗಕ್ಕೆ ‘ಲಿಂಗನಾಶ’ವೆಂದು ಹೆಸರು. ರೋಗಿಯನ್ನು ಅಲುಗದಂತೆ ಹಿಡಿದು ಕುಳ್ಳಿರಿಸಿ, ತನ್ನ ಮೂಗಿನತ್ತ ನೋಡಹೇಳಿ, ಶಲಾಕೆಯಿಂದ ಚಿಕಿತ್ಸೆ ಮಾಡುವ ಕ್ರಮ ಅಲ್ಲಿದೆ. ನೋವಿನ ಭಾರ ಬಹುಮಟ್ಟಿಗೆ ರೋಗಿಯ ಧೈರ್ಯದ ಮೇಲೆಯೇ.

1884ರಲ್ಲಿ ವಿಯೆನ್ನಾ ನಗರದ ತರುಣ ವೈದ್ಯ ಕಾರ್ಲ್ ಕೋಲರ್ ಕೊಕೇನಿನ ದ್ರಾವಣವನ್ನು ಮೊದಲು ಕಪ್ಪೆಯ ಕಣ್ಣಿಗೆ, ಬಳಿಕ ತಮ್ಮ ಕಣ್ಣಿಗೇ ಹಾಕಿ ನೋಡಿದರು. ಗುಂಡುಸೂಜಿ ತಾಗಿದರೂ ತಿಳಿಯಲಿಲ್ಲ. ಕಣ್ಣಿಗೆ ಮಾತ್ರ ಜೋಮು ಹಿಡಿಸುವ ಸ್ಥಳೀಯ ಅರಿವಳಿಕೆ ಹೀಗೆ ಹುಟ್ಟಿತು. ಕೊಕೇನಿಗಿಂತ ನಿರಪಾಯವಾದ ಲಿಡೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾಯಿತು. ನಮ್ಮ ನಾಡಿನಲ್ಲಿ ಪೊರೆಯ ಚಿಕಿತ್ಸೆಯನ್ನು ಶಿಬಿರಗಳ ಮೂಲಕ ಬಡವರ ಬಳಿಗೆ ಒಯ್ದವರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಡಾ. ಎಂ. ಸಿ. ಮೋದಿಯವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ ಅವರು 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದುದು ಗಿನ್ನೆಸ್ ದಾಖಲೆಯಾಯಿತು.

ಹೀಗೆ ನೋವೇನೋ ಅಡಗಿತು, ಅಂಜಿಕೆ ಅಡಗಲಿಲ್ಲ. ಅಂಜಿದವರ ರಕ್ತದೊತ್ತಡ ಏರುತ್ತದೆ, ತಲೆ ಅಲುಗುತ್ತದೆ. ಪೂರ್ತಿ ನಿದ್ರೆ ಬರಿಸೋಣವೆಂದರೆ ಮುಪ್ಪಿನ ದೇಹಕ್ಕೆ ಅದೇ ಭಾರವಾದೀತು. ಆದುದರಿಂದ ವೈದ್ಯರು ನಡುದಾರಿಯೊಂದನ್ನು ಅರಸಿದರು. 1960ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಕಟ್ಟಿದ ಮೂಗಿಗೆಂದು ತಯಾರಿಸಿದ ಕ್ಲೋನಿಡಿನ್ ಮಂಪರನ್ನು ತಂದು ರಕ್ತದೊತ್ತಡವನ್ನೂ ಇಳಿಸುವುದು ಕಂಡುಬಂದಿತು. ಅದರ ಬಳಗದ್ದೇ ಆದ ಡೆಕ್ಸ್‌ಮೆಡಿಟೊಮಿಡಿನ್‌ಗೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂಥವನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅರಿವಳಿಕೆಯ ಚುಚ್ಚುಮದ್ದಿಗೆ ಬೆರೆಸಿದರೆ ಜೋಮು ಹೆಚ್ಚು ಹೊತ್ತು ನಿಲ್ಲುತ್ತದೆ. ರೋಗಿ ಶಾಂತನಾಗಿ ಮಲಗಿದ್ದು, ಕರೆದರೆ ಓಗೊಡುತ್ತಾನೆ. ಆದರೆ ಪ್ರಮಾಣ ಮೀರಿದರೆ ನಾಡಿ ನಿಧಾನಿಸಿ ರಕ್ತದೊತ್ತಡ ಕುಸಿದೀತು. ಅದಕ್ಕಾಗಿಯೇ ಅರಿವಳಿಕೆಯ ತಜ್ಞರು ಪಕ್ಕದಲ್ಲಿದ್ದು ನಾಡಿಯನ್ನೂ ಉಸಿರನ್ನೂ ಗಮನಿಸುತ್ತಿರಬೇಕು.

ಈ ಬೆರಕೆ ಎಲ್ಲರಿಗೂ ಬೇಕೆಂದಲ್ಲ. ಈಗ ಎಷ್ಟೋ ಮಂದಿಗೆ ಕಣ್ಣಿಗೆ ಬಿಡುವ ಹನಿಯೇ ಸಾಕಾಗುತ್ತದೆ. ಯಾರಿಗೆ ಯಾವುದೆಂಬುದನ್ನು ವೈದ್ಯರೇ ನಿಶ್ಚಯಿಸಬೇಕು. 2016ರಿಂದ ಕಾರವಾರದಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಅಂಕೋಲೆಗೂ ಅದು ದೂರವಲ್ಲ. ವಾಚಕರೇ, ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕರೆದೊಯ್ಯುವಾಗ ಅವರು ನುಂಗುವ ಹೃದಯದ, ರಕ್ತದೊತ್ತಡದ ಗುಳಿಗೆಗಳನ್ನು ತಪ್ಪದೆ ತೋರಿಸಿರಿ. ಅವರ ಅಂಜಿಕೆಯನ್ನೂ ಮುಚ್ಚಿಡದೆ ಹೇಳಿರಿ. ಅದಕ್ಕೂ ಇಂದು ಮದ್ದುಂಟು. ಅಂಜಿಕೆಯೊಂದರಿಂದಲೇ ಯಾರೂ ಕತ್ತಲೆಯಲ್ಲಿ ಉಳಿಯಬೇಕಾಗಿಲ್ಲ.