ರಾತ್ರಿಯ ಎಲೆ ಅಡಿಕೆ

ಶ್ರೀನಿವಾಸಪುರದ ಕಡೆಯ ನಮ್ಮೂರಿನಲ್ಲಿ ಅಜ್ಜಿಗೆ ಎಲೆ ಅಡಿಕೆ ಮಡಚಿಕೊಡುವುದು ನನ್ನ ಕೆಲಸವಾಗಿತ್ತು. ರಾತ್ರಿ ಮುದ್ದೆ ಉಂಡು ಅವರು ಚಾಪೆ ಹಾಸುವಷ್ಟರಲ್ಲಿ ನಾನು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆಚೂರು, ಚಿಟಿಕೆ ಕಡ್ಡಿಪುಡಿ ಇಟ್ಟು ಕೊಡಬೇಕು. ಅದನ್ನು ಎಡದವಡೆಗೆ ಒತ್ತರಿಸಿ ಮಲಗಿದರೆ ಉಗಿಯುವುದು ಬೆಳಗ್ಗೆಯೇ. ಹೊಲದಲ್ಲಿ ದುಡಿದ ಹೆಂಗಸಿಗೆ ಅದಿಲ್ಲದೆ ನಿದ್ದೆ ಹತ್ತದು ಎಂದು ಮನೆಯವರೆಲ್ಲ ನಂಬಿದ್ದೆವು.

ಅದೇ ಎಡಗೆನ್ನೆಯ ಒಳಗೆ ಹುಣ್ಣಾಯಿತು. ಹಲ್ಲುನೋವೆಂದು ಲವಂಗದೆಣ್ಣೆ ಹಚ್ಚಿದೆವು. ಬರಬರುತ್ತಾ ಬಾಯಿ ತೆರೆಯಲಾಗದೆ, ಮುದ್ದೆ ಹೋಗಿ ಅಂಬಲಿಯಾಯಿತು. 1983ರಲ್ಲಿ ಅಜ್ಜಿ ತೀರಿಕೊಂಡರು.

ವೈದ್ಯರಿಗೆ ಇದು ಹೊಸದೇನಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮದರಾಸಿನ ಶಸ್ತ್ರವೈದ್ಯ ನಿಬ್ಲಾಕ್ 1902ರಲ್ಲೇ ಎಲೆ ಅಡಿಕೆಗೂ ಬಾಯಿಯ ಕ್ಯಾನ್ಸರಿಗೂ ನಂಟಿದೆಯೆಂದು ಬರೆದಿದ್ದ. ತಿರುವಾಂಕೂರಿನ ರೋಗಿಗಳನ್ನು ಕಂಡ ಆರ್ ಎಂಬ ವೈದ್ಯ 1933ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದನ್ನೇ ಹೇಳಿದ. ಅಜ್ಜಿ ಆಗಿನ್ನೂ ಲಂಗದ ಹುಡುಗಿ.

ನಮ್ಮ ಕಡೆಯ ಮಾತಿಗೆ ಬಂದರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಊರಿನ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯಿತು. ಅದನ್ನು ಆಧರಿಸಿ ಎ. ನಂದಕುಮಾರ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರಿನ 348 ರೋಗಿಗಳನ್ನು ರೋಗವಿಲ್ಲದವರೊಂದಿಗೆ ಹೋಲಿಸಿ 1990ರಲ್ಲಿ ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು: ಬಾಯಲ್ಲಿ ಇಟ್ಟುಕೊಂಡೇ ಮಲಗುತ್ತೀರಾ? ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ. ಹಾಗೆ ಮಲಗುವವರಿಗೆ ಅಪಾಯ ಹದಿನೇಳು ಪಟ್ಟಿಗೂ ಹೆಚ್ಚೆಂದು ಲೆಕ್ಕ ಹೇಳಿತು. ಸುಣ್ಣ ಬಳಿದ ನನ್ನ ಬೆರಳು ನೆನಪಾಯಿತು.

ಅದೇ ಅಧ್ಯಯನದಲ್ಲಿ ರಾಗಿ ಉಣ್ಣುವವರಲ್ಲೂ ರೋಗ ಹೆಚ್ಚಾಗಿ ಕಂಡಿತ್ತು. ಕೋಲಾರದವಳಾದ ನನಗೆ ಸಿಟ್ಟು ಬಾರದೆ ಇದ್ದೀತೆ? ಒಟ್ಟಿಗೆ ಕಂಡದ್ದೆಲ್ಲ ಕಾರಣವಲ್ಲ. ರಾಗಿ ಉಣ್ಣುವ ಬಡಮನೆಗಳಲ್ಲೇ ಕಡ್ಡಿಪುಡಿಯೂ ಇತ್ತೆಂಬುದು ನನ್ನ ಗುಮಾನಿ. ಮುದ್ದೆಯನ್ನಂತೂ ಬಿಟ್ಟಿಲ್ಲ.

ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಶುರುವಾದದ್ದು 1986ರಲ್ಲಿ. ಕಿವಿ, ಮೂಗು, ಗಂಟಲು ವಿಭಾಗವೆಂದರೆ ಸೋರುವ ಕಿವಿಗೆ, ಟಾನ್ಸಿಲ್‌ಗೆ ಎಂದುಕೊಂಡಿದ್ದೆ. ಕೆನ್ನೆ, ನಾಲಿಗೆ, ಗಂಟಲಿನ ಕ್ಯಾನ್ಸರೂ ಅಲ್ಲಿಗೇ ಬರುತ್ತದೆ. ನಮ್ಮ ಸೀಮೆಯಲ್ಲಿ ಕೆನ್ನೆಯ ಒಳಪದರಿನ ಕ್ಯಾನ್ಸರ್ ಹೆಚ್ಚು, ಅದರಲ್ಲೂ ಹೆಂಗಸರಲ್ಲಿ. ರಾತ್ರಿಯಿಡೀ ದವಡೆಯಲ್ಲಿ ಎಲೆ ಅಡಿಕೆ ಇಡುವ ಅಭ್ಯಾಸವೇ ಇದಕ್ಕೆ ಕಾರಣವೆಂದು ಆ ವಿಭಾಗದ ವೈದ್ಯರು ಬರೆದಿದ್ದಾರೆ.

ಮುಳಬಾಗಿಲಿನ ನನ್ನ ನಾದಿನಿ, ಮಾಲೂರಿನ ಚಿಕ್ಕಮ್ಮ ಇಬ್ಬರದೂ ಒಂದೇ ಸಮಾಧಾನ: ಕಡ್ಡಿಪುಡಿ ಬಿಟ್ಟಿದ್ದೇವೆ, ಬರೀ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಬೆರೆತ ಎಲೆ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಿತು. 2004ರಲ್ಲಿ ಬರೀ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಬಾಯಿ ತೆರೆಯಲಾಗದಂತೆ ಕೆನ್ನೆಯನ್ನು ಬಿಗಿಸುವುದೂ ಅಡಿಕೆಯೇ. ಹಬ್ಬದ ತಾಂಬೂಲದೆದುರು ಈ ಮಾತು ಹೇಳಲು ನನಗೂ ನಾಲಿಗೆ ಏಳುವುದಿಲ್ಲ.

ಮೊನ್ನೆ ಎಂಟನೇ ತರಗತಿಯಲ್ಲಿ ಆ ಪ್ರಶ್ನೆಯನ್ನೇ ಕೇಳಿದೆ: ಮನೆಯಲ್ಲಿ ಯಾರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಮಲಗುತ್ತಾರೆ? ಕೆಲವು ಕೈಗಳು ಮೇಲೆದ್ದವು. “ನಮ್ಮಜ್ಜಿಗೆ ನಾನೇ ಮಡಚಿಕೊಡೋದು ಮಿಸ್” ಎಂದು ಒಬ್ಬಳು ಹೆಮ್ಮೆಯಿಂದ ಹೇಳಿದಳು. ಅವಳ ಅಜ್ಜಿಯನ್ನು ಸೋಮವಾರ ಶಾಲೆಗೆ ಬರಹೇಳಿದ್ದೇನೆ. ಟಮಕಕ್ಕೆ ಹೋಗಿ ಬಾಯಿ ತೋರಿಸಿಕೊಂಡು ಬರೋಣ ಎನ್ನಬೇಕು.