ರೇಡಿಯೊ ಕೇಂದ್ರಗಳ ಫಾರ್ಮ್ಯಾಟ್ ಬದಲಾವಣೆ

ರೇಡಿಯೊ ಕೇಂದ್ರವೊಂದು ಅಲ್ಲಿಯವರೆಗೆ ಪ್ರಸಾರ ಮಾಡುತ್ತಿದ್ದ ಕಾರ್ಯಕ್ರಮಗಳ ಬಗೆಯನ್ನು ಕೈಬಿಟ್ಟು ಬೇರೊಂದು ಬಗೆಗೆ ಹೊರಳುವುದನ್ನು ಫಾರ್ಮ್ಯಾಟ್ ಬದಲಾವಣೆ ಎನ್ನುತ್ತಾರೆ. ಶಾಸ್ತ್ರೀಯ ಸಂಗೀತದ ಕೇಂದ್ರವು ರಾಕ್ ಸಂಗೀತದ ಕೇಂದ್ರವಾಗುವುದು, ಹಳೆಯ ಹಾಡುಗಳ ಕೇಂದ್ರವು ಹೊಸ ಹಾಡುಗಳಿಗೆ ತಿರುಗುವುದು, ಇಂಗ್ಲಿಷ್ ಕೇಂದ್ರವು ಸ್ಪ್ಯಾನಿಶ್ ಭಾಷೆಯದಾಗುವುದು ಇದಕ್ಕೆ ಉದಾಹರಣೆಗಳು. ತರಂಗಾಂತರ, ಪ್ರಸಾರ ಗೋಪುರ, ಪರವಾನಗಿ ಇವು ಸಾಮಾನ್ಯವಾಗಿ ಮೊದಲಿನಂತೆಯೇ ಉಳಿಯುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಬದಲಾವಣೆಗಳು ಸರ್ವೇಸಾಮಾನ್ಯವಾಗಿದ್ದು, ಹೆಚ್ಚಿನವು ಕೇಂದ್ರದ ಮಾರಾಟ ಅಥವಾ ಉನ್ನತಾಧಿಕಾರಿಗಳ ಬದಲಾವಣೆಯ ಬೆನ್ನಿಗೇ ನಡೆಯುತ್ತವೆ. ತರಂಗಗಳು ಸಾರ್ವಜನಿಕ ಸ್ವತ್ತಾಗಿರುವಾಗ, ಅವುಗಳಲ್ಲಿ ಏನು ಕೇಳಿಸಬೇಕೆಂಬುದನ್ನು ಒಡೆಯರೊಬ್ಬರೇ ನಿರ್ಧರಿಸಬಹುದೆ ಎಂಬ ಪ್ರಶ್ನೆ 1981ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ಮುಂದೆ ಇತ್ಯರ್ಥವಾಯಿತು.

ಹಿನ್ನೆಲೆ

ಆರಂಭದ ದಶಕಗಳಲ್ಲಿ ಅಮೆರಿಕದ ರೇಡಿಯೊ ಕೇಂದ್ರಗಳಿಗೆ ಇಂದಿನ ಅರ್ಥದ ಫಾರ್ಮ್ಯಾಟ್ ಇರಲಿಲ್ಲ. ನಾಟಕ, ವಾದ್ಯಗೋಷ್ಠಿ, ಸುದ್ದಿ, ಹಾಸ್ಯ, ಧಾರಾವಾಹಿ ಎಲ್ಲವೂ ಒಂದೇ ಕೇಂದ್ರದಲ್ಲಿ ಗಂಟೆಗೊಂದರಂತೆ ಬರುತ್ತಿದ್ದವು. 1950ರ ದಶಕದಲ್ಲಿ ಈ ಕಾರ್ಯಕ್ರಮಗಳೂ ಅವುಗಳ ಜಾಹೀರಾತುದಾರರೂ ಟೆಲಿವಿಷನ್ನಿನ ಕಡೆಗೆ ಹೋದಾಗ ರೇಡಿಯೊ ಬೇರೆ ದಾರಿ ಹುಡುಕಬೇಕಾಯಿತು. ಒಮಾಹಾ ನಗರದ ಟಾಡ್ ಸ್ಟಾರ್ಜ್ ಮತ್ತು ಡಲ್ಲಾಸ್ ನಗರದ ಗಾರ್ಡನ್ ಮೆಕ್ಲೆಂಡನ್ ಜನಪ್ರಿಯ ಹಾಡುಗಳ ಚಿಕ್ಕ ಪಟ್ಟಿಯೊಂದನ್ನೇ ದಿನವಿಡೀ ಮತ್ತೆ ಮತ್ತೆ ಹಾಕುವ 'ಟಾಪ್ 40' ಪದ್ಧತಿಯನ್ನು ಬೆಳೆಸಿದರು. ಹೋಟೆಲಿನ ಹಾಡುಪೆಟ್ಟಿಗೆಗೆ ಜನ ಕಾಸು ಹಾಕಿ ಅದದೇ ಹಾಡುಗಳನ್ನು ಕೇಳುವುದನ್ನು ಕಂಡು ಸ್ಟಾರ್ಜ್‌ಗೆ ಈ ಉಪಾಯ ಹೊಳೆಯಿತೆಂಬ ಕತೆ ಪ್ರಚಲಿತವಾಗಿದೆ. ಅದರ ವಿವರಗಳು ಹೇಳುವವರಿಗೆ ತಕ್ಕಂತೆ ಬದಲಾಗುತ್ತವೆ.

ಒಂದೇ ಒಡೆತನದ ಎಎಂ ಮತ್ತು ಎಫ್‌ಎಂ ಕೇಂದ್ರಗಳು ಒಂದೇ ಕಾರ್ಯಕ್ರಮವನ್ನು ಪೂರ್ತಿ ನಕಲು ಮಾಡಬಾರದೆಂದು ಅಲ್ಲಿನ ಫೆಡರಲ್ ಸಂವಹನ ಆಯೋಗವು 1960ರ ದಶಕದಲ್ಲಿ ನಿಯಮ ಮಾಡಿತು. ಇದರಿಂದ ದೊಡ್ಡ ನಗರಗಳ ಎಫ್‌ಎಂ ಕೇಂದ್ರಗಳು ತಮ್ಮದೇ ಆದ ಬಗೆಗಳನ್ನು ಹುಡುಕಿಕೊಂಡವು. ಕೇಂದ್ರವು ಊರಿನ ಎಲ್ಲರಿಗೂ ಒಂದಿಷ್ಟು ಕೊಡುವ ಬದಲು, ನಿರ್ದಿಷ್ಟ ವಯಸ್ಸಿನ, ನಿರ್ದಿಷ್ಟ ಅಭಿರುಚಿಯ ಕೇಳುಗರನ್ನು ಒಟ್ಟುಗೂಡಿಸಿ ಜಾಹೀರಾತುದಾರರಿಗೆ ಒದಗಿಸುವ ವ್ಯವಹಾರ ಹೀಗೆ ನೆಲೆಗೊಂಡಿತು. ಕೇಳುಗರ ಗುಂಪು ಲಾಭದಾಯಕವಲ್ಲವೆಂದು ಕಂಡಾಗ ಗುಂಪನ್ನೇ ಬದಲಿಸುವುದು ಈ ವ್ಯವಹಾರದೊಳಗಿನ ಸಹಜ ಕ್ರಮವಾಗಿದೆ.

ಒಡೆತನ ಮತ್ತು ಆಡಳಿತ

1996ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದೂರಸಂಪರ್ಕ ಕಾಯಿದೆಯು ಒಂದು ಕಂಪನಿ ದೇಶಾದ್ಯಂತ ಹೊಂದಬಹುದಾದ ರೇಡಿಯೊ ಕೇಂದ್ರಗಳ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ದೊಡ್ಡ ನಗರವೊಂದರಲ್ಲಿ ಒಂದೇ ಕಂಪನಿ ಎಂಟು ಕೇಂದ್ರಗಳವರೆಗೆ ಹೊಂದಲು ಅವಕಾಶವಾಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಕಂಪನಿಯ ಕೈಯಲ್ಲಿ 1,200ಕ್ಕೂ ಹೆಚ್ಚು ಕೇಂದ್ರಗಳು ಸೇರಿದವು. ಒಂದು ಊರಿನ ಐದಾರು ಕೇಂದ್ರಗಳು ಒಂದೇ ಒಡೆತನದಲ್ಲಿರುವಾಗ ಅವು ಪರಸ್ಪರ ಪೈಪೋಟಿ ನಡೆಸದಂತೆ ಹಾಡುಗಳನ್ನೂ ವಯೋಮಾನಗಳನ್ನೂ ಹಂಚಿಹಾಕುವುದು ವಾಡಿಕೆಯಾಯಿತು. ಆದಕಾರಣ ಒಂದು ಕೇಂದ್ರದ ಬದಲಾವಣೆ ಅದರ ನೆರೆಯ ಕೇಂದ್ರಗಳನ್ನೂ ಅಲುಗಿಸುತ್ತದೆ.

ಕೇಂದ್ರದ ಸ್ವರೂಪವನ್ನು ದಿನನಿತ್ಯ ನೋಡಿಕೊಳ್ಳುವವರು ಕಾರ್ಯಕ್ರಮ ನಿರ್ದೇಶಕರು. ಅವರ ಮೇಲೆ ಪ್ರಧಾನ ವ್ಯವಸ್ಥಾಪಕರೂ ಅವರ ಮೇಲೆ ಕಂಪನಿಯ ಕೇಂದ್ರ ಕಚೇರಿಯೂ ಇರುತ್ತವೆ. ಈ ಮೂರರಲ್ಲಿ ಒಂದು ಸ್ಥಾನ ಬದಲಾದರೂ ಫಾರ್ಮ್ಯಾಟ್ ಬದಲಾವಣೆಯ ಊಹಾಪೋಹ ಹುಟ್ಟುತ್ತದೆ. ಬೆಳಗಿನ ಕಾರ್ಯಕ್ರಮದ ನಿರೂಪಕರು ಸದ್ದಿಲ್ಲದೆ ಕಾಣೆಯಾಗುವುದು, ಕಂಪನಿಯು ಹೊಸ ಹೆಸರಿನ ಅಂತರಜಾಲ ವಿಳಾಸಗಳನ್ನು ನೋಂದಾಯಿಸುವುದು ಮುಂತಾದವನ್ನು ಉದ್ಯಮದ ವೀಕ್ಷಕರು ಮುನ್ಸೂಚನೆಗಳೆಂದು ಪರಿಗಣಿಸುತ್ತಾರೆ. ಅಧಿಕೃತ ಪ್ರಕಟಣೆ ಮಾತ್ರ ಬಹುಪಾಲು ಕೊನೆಯ ಗಳಿಗೆಯವರೆಗೂ ಹೊರಬರುವುದಿಲ್ಲ. ಮೊದಲೇ ಗೊತ್ತಾದರೆ ಎದುರಾಳಿ ಕೇಂದ್ರ ಅದೇ ಫಾರ್ಮ್ಯಾಟನ್ನು ತಾನೇ ಮೊದಲು ತರಬಹುದು, ನಿರೂಪಕರು ಪ್ರಸಾರದಲ್ಲೇ ಅಸಮಾಧಾನ ಹೇಳಿಕೊಳ್ಳಬಹುದು ಎಂಬ ಭಯ ಇದಕ್ಕೆ ಕಾರಣ. ಹಳೆಯದು ಮುಗಿದು ಹೊಸದು ಆರಂಭವಾಗುವ ನಡುವೆ ಕೆಲವು ಗಂಟೆ ಅಥವಾ ಕೆಲವು ದಿನ ಒಂದೇ ಹಾಡನ್ನು ಸುತ್ತಿ ಸುತ್ತಿ ಹಾಕುವುದು, ಬೇಸಗೆಯಲ್ಲಿ ಕ್ರಿಸ್ಮಸ್ ಗೀತೆಗಳನ್ನು ಕೇಳಿಸುವುದು ಮುಂತಾದ ಚಮತ್ಕಾರಗಳೂ ಉಂಟು. ಉದ್ಯಮದಲ್ಲಿ ಇದಕ್ಕೆ 'ಸ್ಟಂಟಿಂಗ್' ಎಂದು ಹೆಸರು.

ಒಡೆತನ ಒಂದೆಡೆ ಸೇರಿದ್ದರ ಪರಿಣಾಮ ಸಂಗೀತದ ಆಯ್ಕೆಗೆ ಮಾತ್ರ ಸೀಮಿತವಾಗಿರಲಿಲ್ಲ. ಬೇರೆ ಊರಿನಲ್ಲಿ ಮೊದಲೇ ಧ್ವನಿಮುದ್ರಿಸಿದ ನಿರೂಪಣೆಯನ್ನು ಸ್ಥಳೀಯವೆಂಬಂತೆ ಪ್ರಸಾರ ಮಾಡುವ ಪದ್ಧತಿ ಹರಡಿ, ರಾತ್ರಿ ಹೊತ್ತು ಅನೇಕ ಕೇಂದ್ರಗಳಲ್ಲಿ ಮನುಷ್ಯರೇ ಇಲ್ಲದಂತಾಯಿತು. 2002ರ ಜನವರಿ 18ರ ನಸುಕಿನಲ್ಲಿ ಉತ್ತರ ಡಕೋಟ ರಾಜ್ಯದ ಮೈನಾಟ್ ನಗರದ ಬಳಿ ಸರಕು ರೈಲೊಂದು ಹಳಿ ತಪ್ಪಿ ಅಮೋನಿಯ ಅನಿಲ ಹರಡಿ ಒಬ್ಬರು ಸತ್ತರು. ಆ ಊರಿನ ಆರು ವಾಣಿಜ್ಯ ರೇಡಿಯೊ ಕೇಂದ್ರಗಳು ಕ್ಲಿಯರ್ ಚಾನೆಲ್‌ನ ಒಡೆತನದಲ್ಲಿದ್ದವು. ಜನರಿಗೆ ಎಚ್ಚರಿಕೆ ಕೊಡಿಸಲು ಪೊಲೀಸರು ಕೇಂದ್ರಕ್ಕೆ ಕರೆ ಮಾಡಿದಾಗ ಉತ್ತರಿಸುವವರಿರಲಿಲ್ಲವೆಂಬ ದೂರು ದೇಶಾದ್ಯಂತ ಸುದ್ದಿಯಾಯಿತು. ತುರ್ತು ಎಚ್ಚರಿಕೆಯ ಉಪಕರಣವನ್ನು ಅಧಿಕಾರಿಗಳು ಸರಿಯಾಗಿ ಬಳಸಲಿಲ್ಲವೆಂದು ಕಂಪನಿ ಸಮಜಾಯಿಷಿ ನೀಡಿತು. ಒಡೆತನದ ಕೇಂದ್ರೀಕರಣವನ್ನು ಕುರಿತ ಚರ್ಚೆಗಳಲ್ಲಿ ಈ ಘಟನೆ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್-ಎಫ್‌ಎಂ

ಆಡಳಿತದ ಬದಲಾವಣೆಗೂ ಫಾರ್ಮ್ಯಾಟಿಗೂ ಇರುವ ನಂಟನ್ನು ನ್ಯೂಯಾರ್ಕ್ ನಗರದ 101.1 ಎಫ್‌ಎಂ ಕೇಂದ್ರದ ಪ್ರಸಂಗದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ. ಡಬ್ಲ್ಯುಸಿಬಿಎಸ್-ಎಫ್‌ಎಂ ಎಂಬ ಈ ಕೇಂದ್ರ 1972ರ ಜುಲೈನಿಂದ ಹಳೆಯ ಜನಪ್ರಿಯ ಹಾಡುಗಳನ್ನು ಪ್ರಸಾರ ಮಾಡುತ್ತಿತ್ತು. ಮೂವತ್ತಮೂರು ವರ್ಷಗಳಲ್ಲಿ ಅದು ನಗರದ ಒಂದು ಸಂಸ್ಥೆಯೇ ಆಗಿತ್ತು. 'ಕಸಿನ್ ಬ್ರೂಸಿ' ಎಂದೇ ಪ್ರಸಿದ್ಧರಾದ ಬ್ರೂಸ್ ಮಾರೊ ಅವರಂಥ ಹಿರಿಯ ನಿರೂಪಕರು ಅಲ್ಲಿದ್ದರು.

2005ರ ಜೂನ್ 3ರ ಸಂಜೆ 5 ಗಂಟೆಗೆ ಕೇಂದ್ರ ಹಠಾತ್ತನೆ 'ಜ್ಯಾಕ್ ಎಫ್‌ಎಂ' ಆಗಿ ಬದಲಾಯಿತು. ಅದೇ ದಿನ ಶಿಕಾಗೊ ನಗರದಲ್ಲಿ ಇದೇ ಕಂಪನಿಯ ಹಳೆಯ ಹಾಡುಗಳ ಕೇಂದ್ರವೂ ಜ್ಯಾಕ್ ಆಯಿತು. ಕೆನಡದಲ್ಲಿ ಯಶಸ್ವಿಯಾಗಿದ್ದ ಈ ಫಾರ್ಮ್ಯಾಟಿನಲ್ಲಿ ಬೇರೆ ಬೇರೆ ದಶಕಗಳ, ಬೇರೆ ಬೇರೆ ಬಗೆಯ ಹಾಡುಗಳು ಯಾವುದೇ ಕ್ರಮವಿಲ್ಲದಂತೆ ಬರುತ್ತವೆ. ನಮಗೆ ಬೇಕಾದುದನ್ನು ನಾವು ಹಾಕುತ್ತೇವೆ ಎಂಬರ್ಥದ ಮಾತು ಅದರ ಘೋಷವಾಕ್ಯ. ಕೇಂದ್ರ ಕಳೆದುಕೊಂಡವರ ಕಿವಿಗೆ ಅದು ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ನ್ಯೂಯಾರ್ಕಿನ ಜ್ಯಾಕ್‌ನಲ್ಲಿ ಮೊದಲಿಗೆ ನಿರೂಪಕರೇ ಇರಲಿಲ್ಲ. ಹಾಡುಗಳ ನಡುವೆ ಧ್ವನಿಮುದ್ರಿತ ಚಟಾಕಿಗಳು ಮಾತ್ರ ಕೇಳಿಬರುತ್ತಿದ್ದವು. ಹಳೆಯ ನಿರೂಪಕರಿಗೆ ಕೇಳುಗರನ್ನು ಬೀಳ್ಕೊಡುವ ಅವಕಾಶ ಸಿಗಲಿಲ್ಲ. ಹಳೆಯ ಹಾಡುಗಳನ್ನು ಅಂತರಜಾಲ ಪ್ರಸಾರಕ್ಕೆ ಸ್ಥಳಾಂತರಿಸಲಾಯಿತಾದರೂ ಕಾರಿನಲ್ಲಿ, ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಿದ್ದವರಿಗೆ ಆಗ ಅದು ಪರ್ಯಾಯವಾಗಲಿಲ್ಲ. ನಗರದ ಅಂದಿನ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಸಹ ತಮ್ಮ ಸಿಟ್ಟನ್ನು ಬಹಿರಂಗವಾಗಿ ತೋಡಿಕೊಂಡರು.

ಕಂಪನಿಯ ಲೆಕ್ಕಾಚಾರಕ್ಕೆ ಆಧಾರವಿಲ್ಲದಿರಲಿಲ್ಲ. ಅಮೆರಿಕದ ಜಾಹೀರಾತು ಸಂಸ್ಥೆಗಳು ಮುಖ್ಯವಾಗಿ 25ರಿಂದ 54 ವರ್ಷದ ಕೇಳುಗರಿಗಾಗಿ ಹಣ ಕೊಡುತ್ತವೆ. 1950 ಮತ್ತು 1960ರ ದಶಕದ ಹಾಡುಗಳೊಂದಿಗೆ ಬೆಳೆದವರು ಆ ಗಡಿಯನ್ನು ದಾಟತೊಡಗಿದ್ದರು. ಕೇಳುಗರು ಎಷ್ಟೇ ಇದ್ದರೂ ಅವರಿಗೆ ವಯಸ್ಸಾಯಿತೆಂಬ ಕಾರಣಕ್ಕೆ ಕೇಂದ್ರದ ಬೆಲೆ ಕುಸಿಯುವುದು ಹೀಗೆ. ಅದೇ ವರ್ಷದ ಜನವರಿಯಲ್ಲಿ ಇದೇ ಕಂಪನಿ ವಾಷಿಂಗ್ಟನ್ ಪ್ರದೇಶದ ಹೆಸರಾಂತ ರಾಕ್ ಕೇಂದ್ರ ಡಬ್ಲ್ಯುಎಚ್‌ಎಫ್‌ಎಸ್ ಅನ್ನು ಒಂದು ಮಧ್ಯಾಹ್ನ ಸ್ಪ್ಯಾನಿಶ್ ಕೇಂದ್ರವಾಗಿ ಬದಲಿಸಿ ಕೇಳುಗರ ಪ್ರತಿಭಟನೆಯನ್ನು ಎದುರಿಸಿತ್ತು.

ಆದರೆ ನ್ಯೂಯಾರ್ಕಿನಲ್ಲಿ ಲೆಕ್ಕ ತಪ್ಪಿತು. ಹಳೆಯ ಕೇಳುಗರು ಹೋದರು, ಹೊಸಬರು ನಿರೀಕ್ಷಿಸಿದಷ್ಟು ಬರಲಿಲ್ಲ. ಕೇಳುಗರ ಸಮೀಕ್ಷೆಯಲ್ಲಿ ಕೇಂದ್ರದ ಸ್ಥಾನ ತೀರ ಕೆಳಗಿಳಿಯಿತು. 2007ರಲ್ಲಿ ಸಿಬಿಎಸ್ ರೇಡಿಯೊದ ಮುಖ್ಯಸ್ಥ ಜೋಯಲ್ ಹೊಲ್ಯಾಂಡರ್ ನಿರ್ಗಮಿಸಿ, ಈ ಮೊದಲು ಅದೇ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಡ್ಯಾನ್ ಮೇಸನ್ ಮರಳಿ ಬಂದರು. ಕೆಲವೇ ತಿಂಗಳಲ್ಲಿ, ಜುಲೈ 12ರ ಮಧ್ಯಾಹ್ನ 1 ಗಂಟೆ 1 ನಿಮಿಷಕ್ಕೆ, ತರಂಗಾಂತರದ ಅಂಕಿಯನ್ನೇ ನೆನಪಿಸುವ ಆ ಗಳಿಗೆಯಲ್ಲಿ ಡಬ್ಲ್ಯುಸಿಬಿಎಸ್-ಎಫ್‌ಎಂ ಹಳೆಯ ಹಾಡುಗಳಿಗೆ ಹಿಂತಿರುಗಿತು. ಬಾಬ್ ಶ್ಯಾನನ್, ಡ್ಯಾನ್ ಟೇಲರ್ ಮುಂತಾದ ಹಳೆಯ ನಿರೂಪಕರು ಮರಳಿದರು. ಬಂದದ್ದು ಮಾತ್ರ ಹಳೆಯ ಕೇಂದ್ರವೇ ಅಲ್ಲ: 1950ರ ದಶಕದ ಹಾಡುಗಳು ಬಹುತೇಕ ಮರೆಯಾಗಿ 1960ರಿಂದ 1980ರವರೆಗಿನ ದಶಕಗಳ ಹಾಡುಗಳು ಮುನ್ನೆಲೆಗೆ ಬಂದಿದ್ದವು. ವರ್ಷಗಳು ಕಳೆದಂತೆ ಪಟ್ಟಿಯೂ ಮುಂದೆ ಮುಂದೆ ಸರಿಯುತ್ತಲೇ ಇದೆ. ಈ ರೂಪದಲ್ಲಿ ಅದು ನ್ಯೂಯಾರ್ಕಿನಲ್ಲಿ ಅತಿ ಹೆಚ್ಚು ಕೇಳುಗರುಳ್ಳ ಕೇಂದ್ರಗಳ ಸಾಲಿಗೆ ಸೇರಿತು.

2017ರಲ್ಲಿ ಸಿಬಿಎಸ್ ರೇಡಿಯೊ ಎಂಟರ್‌ಕಾಮ್ ಕಂಪನಿಯಲ್ಲಿ ವಿಲೀನವಾಯಿತು. 2021ರಲ್ಲಿ ಎಂಟರ್‌ಕಾಮ್ ತನ್ನ ಹೆಸರನ್ನು ಆಡಸಿ ಎಂದು ಬದಲಿಸಿಕೊಂಡು, 2024ರ ಜನವರಿಯಲ್ಲಿ ಸಾಲದ ಹೊರೆಯಿಂದ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಅದೇ ವರ್ಷದ ಆಗಸ್ಟ್‌ನಲ್ಲಿ, 1967ರಿಂದ ಸುದ್ದಿ ಪ್ರಸಾರಕ್ಕೆ ಹೆಸರಾಗಿದ್ದ ಸೋದರ ಕೇಂದ್ರ ಡಬ್ಲ್ಯುಸಿಬಿಎಸ್ 880 ಎಎಂ ಸುದ್ದಿಯನ್ನು ನಿಲ್ಲಿಸಿ ಕ್ರೀಡಾ ಕೇಂದ್ರವಾಯಿತು.

ಕಾನೂನಿನ ಹೋರಾಟ

ಕೇಳುಗರ ಪ್ರತಿಭಟನೆಗೆ ನ್ಯಾಯಾಲಯದಲ್ಲಿ ಮನ್ನಣೆ ದೊರೆತ ಕಾಲವೂ ಇತ್ತು. ಪ್ರಸಾರದ ವಿಷಯದಲ್ಲಿ ಪ್ರಸಾರಕರ ಹಕ್ಕಿಗಿಂತ ನೋಡುಗರ ಹಾಗೂ ಕೇಳುಗರ ಹಕ್ಕು ಮೇಲಿನದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1969ರ ರೆಡ್ ಲಯನ್ ಪ್ರಕರಣದಲ್ಲಿ ಹೇಳಿತ್ತು. ಅಟ್ಲಾಂಟಾದ ಶಾಸ್ತ್ರೀಯ ಸಂಗೀತದ ಕೇಂದ್ರವೊಂದರ ಮಾರಾಟವನ್ನು ನಾಗರಿಕರ ಸಮಿತಿ ಪ್ರಶ್ನಿಸಿದಾಗ, ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯವು 1970ರಲ್ಲಿ ಸಮಿತಿಯ ಪರವಾಗಿ ನಿಂತಿತು. 1974ರಲ್ಲಿ ಶಿಕಾಗೊದ ಡಬ್ಲ್ಯುಇಎಫ್‌ಎಂ ಪ್ರಕರಣದಲ್ಲಿ ಅದೇ ನಿಲುವು ಇನ್ನಷ್ಟು ಗಟ್ಟಿಯಾಯಿತು. ಒಂದು ಪ್ರದೇಶದಲ್ಲಿ ಬೇರೆಲ್ಲೂ ಸಿಗದ ಬಗೆಯ ಕಾರ್ಯಕ್ರಮವು ಕೇಂದ್ರದ ಮಾರಾಟದಿಂದ ಇಲ್ಲವಾಗುವುದಿದ್ದು, ಗಣನೀಯ ಸಂಖ್ಯೆಯ ಜನ ಆಕ್ಷೇಪಿಸಿದರೆ ಆಯೋಗವು ಅದನ್ನು ಪರಿಶೀಲಿಸಲೇಬೇಕು ಎಂಬುದು ಆ ತೀರ್ಪುಗಳ ತಿರುಳು.

ಆಯೋಗಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಸಂಗೀತದ ಬಗೆಗಳನ್ನು ಸರ್ಕಾರ ಅಳೆಯತೊಡಗಿದರೆ ಅದಕ್ಕೆ ಕೊನೆಯೆಲ್ಲಿ, ಈ ಕೆಲಸವನ್ನು ಮಾರುಕಟ್ಟೆಗೆ ಬಿಡುವುದೇ ಲೇಸು ಎಂದು 1976ರ ನೀತಿ ಹೇಳಿಕೆಯಲ್ಲಿ ಅದು ಪ್ರತಿಪಾದಿಸಿತು. ಈ ನೀತಿಯನ್ನು ಪ್ರಶ್ನಿಸಿದವರಲ್ಲಿ ನ್ಯೂಯಾರ್ಕಿನ 'ಡಬ್ಲ್ಯುಎನ್‌ಸಿಎನ್ ಕೇಳುಗರ ಸಂಘ'ವೂ ಒಂದು. ಡಬ್ಲ್ಯುಎನ್‌ಸಿಎನ್ ಶಾಸ್ತ್ರೀಯ ಸಂಗೀತದ ಕೇಂದ್ರವಾಗಿದ್ದು, 1974ರ ನವೆಂಬರಿನಲ್ಲಿ ರಾಕ್ ಕೇಂದ್ರವಾಗಿತ್ತು. ಕೇಳುಗರ ಹೋರಾಟದ ಫಲವಾಗಿ ಹೊಸ ಒಡೆಯರು ಅದನ್ನು ಕೊಂಡು 1975ರಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮರಳಿಸಿದ್ದರು.

ಸಂಘವು ತನ್ನ ಕೇಂದ್ರವನ್ನು ಉಳಿಸಿಕೊಂಡರೂ ತತ್ತ್ವವನ್ನು ಉಳಿಸಿಕೊಳ್ಳಲಾಗಲಿಲ್ಲ. 1981ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಏಳು ಮತ್ತು ಎರಡರ ಬಹುಮತದಿಂದ ಆಯೋಗದ ನೀತಿಯನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಬೈರನ್ ವೈಟ್ ಬರೆದರು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ದಾಖಲಿಸಿದರು. ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಅವರೊಂದಿಗೆ ಸಹಮತರಾದರು. ಇದರಿಂದಾಗಿ ಅಮೆರಿಕದಲ್ಲಿ ಕೇಂದ್ರದ ಫಾರ್ಮ್ಯಾಟ್ ಏನಿರಬೇಕೆಂಬುದು ಪರವಾನಗಿದಾರರ ವಿವೇಚನೆಗೆ ಬಿಟ್ಟ ವಿಷಯವಾಯಿತು. ಕೇಳುಗರ ಕೈಯಲ್ಲಿ ಉಳಿದದ್ದು ಬೇರೆ ಕೇಂದ್ರಕ್ಕೆ ಮುಳ್ಳು ತಿರುಗಿಸುವ ಸ್ವಾತಂತ್ರ್ಯ. 2007ರಲ್ಲಿ ಡಬ್ಲ್ಯುಸಿಬಿಎಸ್-ಎಫ್‌ಎಂ ಮರಳಿದ್ದು ಈ ಸ್ವಾತಂತ್ರ್ಯದ ಬಲದಿಂದಲೇ ಹೊರತು ಕಾನೂನಿನಿಂದಲ್ಲ. ಡಬ್ಲ್ಯುಎನ್‌ಸಿಎನ್‌ಗೆ ಆ ಅದೃಷ್ಟ ಇರಲಿಲ್ಲ: 1993ರ ಡಿಸೆಂಬರಿನಲ್ಲಿ ಅದು ಶಾಸ್ತ್ರೀಯ ಸಂಗೀತವನ್ನು ಕೈಬಿಟ್ಟು ಮತ್ತೆ ರಾಕ್ ಕೇಂದ್ರವಾಯಿತು.

ಭಾರತದಲ್ಲಿ

ಭಾರತದಲ್ಲಿ ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ತೀರ್ಪಿತ್ತಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲ ಹಂತದ ಪರವಾನಗಿಗಳಲ್ಲಿ ಶುಲ್ಕವು ವರ್ಷಕ್ಕೆ ಶೇ. 15ರಂತೆ ಏರುತ್ತಿದ್ದುದರಿಂದ ಕೇಂದ್ರಗಳು ನಷ್ಟಕ್ಕೀಡಾದವು. 2005ರ ಎರಡನೆಯ ಹಂತದ ನೀತಿಯಲ್ಲಿ ಇದರ ಬದಲಿಗೆ ಪ್ರವೇಶ ಶುಲ್ಕ ಮತ್ತು ಆದಾಯದ ಪಾಲನ್ನು ಕೊಡುವ ಪದ್ಧತಿ ಬಂದಿತು.

ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ; 2011ರ ಮೂರನೆಯ ಹಂತದ ನೀತಿಯು ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಲು ಮಾತ್ರ ಅವಕಾಶ ನೀಡಿತು. ಹೀಗಾಗಿ ಅಮೆರಿಕದ ಸುದ್ದಿ ಕೇಂದ್ರಗಳಂಥ ಫಾರ್ಮ್ಯಾಟ್ ಇಲ್ಲಿ ಹುಟ್ಟಲಿಲ್ಲ. ಬೆಂಗಳೂರಿನಂಥ ಬಹುಭಾಷಾ ನಗರದಲ್ಲಿ ಫಾರ್ಮ್ಯಾಟ್ ಎಂದರೆ ಮುಖ್ಯವಾಗಿ ಯಾವ ಭಾಷೆಯ ಹಾಡು ಎಂಬ ಪ್ರಶ್ನೆ. ಆರಂಭದ ವರ್ಷಗಳಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಕನ್ನಡ ಹಾಡುಗಳನ್ನು ಬೆರೆಸಿ ಹಾಕುತ್ತಿದ್ದ ರೇಡಿಯೊ ಸಿಟಿ ಮುಂದೆ ಬೆಂಗಳೂರಿನಲ್ಲಿ ಕನ್ನಡದ ಕೇಂದ್ರವಾಗಿ ಗುರುತಿಸಿಕೊಂಡಿತು. ಅದನ್ನು ನಡೆಸುವ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಕಂಪನಿ 2015ರಲ್ಲಿ, ಕಾನ್ಪುರ ಮೂಲದ ಹಿಂದಿ ಪತ್ರಿಕಾ ಸಂಸ್ಥೆ ಜಾಗರಣ್ ಪ್ರಕಾಶನದ ಒಡೆತನಕ್ಕೆ ಸೇರಿತು.